ಮುಂಗಡ ಕಂತುಗಳ ಲೆಕ್ಕ: ಅಂಚೆ ಕಚೇರಿ ನಡೆಸುತ್ತ ಧಾರಾವಾಹಿ ಬರೆದ ಲೇಖಕಿಯ ಪ್ರಕರಣ

ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಶಾಖಾ ಅಂಚೆ ಕಚೇರಿ ನಡೆಸುತ್ತಿರುವ ಲೇಖಕಿಯೊಬ್ಬರು 2025ರ ಯುಗಾದಿಯಂದು ಮೊಬೈಲ್ ಆ್ಯಪ್ ಒಂದರಲ್ಲಿ ಧಾರಾವಾಹಿಯನ್ನು ಆರಂಭಿಸಿದರು. ವಾರಕ್ಕೆ ಎರಡು ಕಂತು, ಸೋಮವಾರ ಒಂದು, ಗುರುವಾರ ಒಂದು. ಜುಲೈ ಕೊನೆಯ ಪುಷ್ಯ ಮಳೆಯ ಹೊತ್ತಿಗೆ ಅದು ನಿಂತಿತು. ಅಕ್ಟೋಬರ್‌ನಲ್ಲಿ ಭೂಮಿ ಹುಣ್ಣಿಮೆ ಕಳೆದ ಮೇಲೆ ಬೇರೆ ಕ್ರಮದಲ್ಲಿ ಮತ್ತೆ ಶುರುವಾಯಿತು. ಅದು ಏಕೆ ನಿಂತಿತು, ನಿಂತ ಅವಧಿಯಲ್ಲಿ ಏನು ಬದಲಾಯಿತು ಎಂಬುದೇ ಈ ಅಧ್ಯಯನದ ವಿಷಯ. ಅವರ ಕರಡುಗಳನ್ನು ಮೊದಲು ಓದುವ ಕೆಲಸ ಕೆಲವು ವರ್ಷಗಳಿಂದ ನನ್ನದಾಗಿರುವುದರಿಂದ ಪ್ರಕರಣವನ್ನು ಹತ್ತಿರದಿಂದ ನೋಡಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು, ಧಾರಾವಾಹಿಯ ಶೀರ್ಷಿಕೆ ಇಲ್ಲಿ ಬರುವುದಿಲ್ಲ. ಇದರಲ್ಲಿ ಬರುವ ಖಾತೆದಾರರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ನೌಕರಿಯ ಜೊತೆಗೆ ಬರೆಯುವವರನ್ನು ಕಂಡಾಗ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ನಿಮಗೆ ಪುರುಸೊತ್ತು ಎಲ್ಲಿ ಸಿಗುತ್ತದೆ? ಈ ಪ್ರಕರಣವನ್ನು ಗಮನಿಸಿದ ಮೇಲೆ ನನಗೆ ಆ ಪ್ರಶ್ನೆಯೇ ಅಷ್ಟು ಉಪಯುಕ್ತವಲ್ಲ ಎನ್ನಿಸಿದೆ. ಲೇಖಕಿಗೆ ಬರೆಯುವ ಹೊತ್ತು ಯಾವತ್ತೂ ಪೂರ್ತಿ ತಪ್ಪಿಹೋಗಿರಲಿಲ್ಲ. ತಪ್ಪಿಹೋದದ್ದು ಬರೆದದ್ದಕ್ಕೂ ಪ್ರಕಟವಾದದ್ದಕ್ಕೂ ನಡುವೆ ಇರಬೇಕಾದ ಅಂತರ, ಮತ್ತು ಆ ಅಂತರ ಇಲ್ಲವಾದಾಗ ತೊಂದರೆಗೆ ಸಿಕ್ಕಿದವರು ಅವರೊಬ್ಬರೇ ಅಲ್ಲ.

ಕಚೇರಿ ಮತ್ತು ಮನೆ

ನಮ್ಮ ದೇಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಅಂಚೆ ಕಚೇರಿಗಳಿದ್ದು, ಅವುಗಳಲ್ಲಿ ಬಹುಪಾಲು ಹಳ್ಳಿಗಳಲ್ಲಿವೆ. ಹಳ್ಳಿಯ ಶಾಖಾ ಕಚೇರಿಗಳನ್ನು ನಡೆಸುವವರು ಗ್ರಾಮೀಣ ಡಾಕ್ ಸೇವಕರು. ಇವರು ಇಲಾಖೆಯ ಪೂರ್ಣಾವಧಿ ನೌಕರರಲ್ಲ. 2018ರ ಜುಲೈ 1ರಿಂದ ಜಾರಿಗೆ ಬಂದ ಪರಿಷ್ಕರಣೆಯಂತೆ ದಿನಕ್ಕೆ 4 ಗಂಟೆ ದುಡಿಯುವ ಬ್ರಾಂಚ್ ಪೋಸ್ಟ್‌ಮಾಸ್ಟರ್‌ಗೆ ತಿಂಗಳಿಗೆ ಕನಿಷ್ಠ 12,000 ರೂಪಾಯಿ, 5 ಗಂಟೆ ದುಡಿಯುವವರಿಗೆ 14,500 ರೂಪಾಯಿ, ಅದರ ಮೇಲೆ ತುಟ್ಟಿಭತ್ಯೆ ಎಂದು ನಿಗದಿಯಾಯಿತು. ಜೀವನಕ್ಕೆ ಬೇರೆ ಆದಾಯದ ಮೂಲ ಇರಬೇಕೆಂಬುದು ನೇಮಕಾತಿಯ ಷರತ್ತುಗಳಲ್ಲೇ ಇದೆ. ಕಚೇರಿಗೆ ಬೇಕಾದ ಜಾಗವನ್ನೂ ಸೇವಕರೇ ಒದಗಿಸಬೇಕು. ನಮ್ಮ ಲೇಖಕಿ 4 ಗಂಟೆಯ ಕಚೇರಿಯವರು. ಅವರ ಕಚೇರಿ ಎಂದರೆ ಮನೆಯ ಜಗಲಿಗೆ ಸೇರಿಕೊಂಡ ಒಂದು ಕೋಣೆ, ಬೇರೆ ಆದಾಯವೆಂದರೆ ಒಂದು ಎಕರೆಗಿಂತ ಸ್ವಲ್ಪ ಹೆಚ್ಚಿರುವ ಅಡಿಕೆ ತೋಟ.

ನಾಲ್ಕು ಗಂಟೆಯ ಕೆಲಸ ಎಂದೊಡನೆ ಉಳಿದ ಇಪ್ಪತ್ತು ಗಂಟೆ ಅವರದ್ದೇ ಎಂದು ಹೊರಗಿನವರು ಭಾವಿಸುತ್ತಾರೆ. ಕಚೇರಿ ಮನೆಯೊಳಗೇ ಇದ್ದಾಗ ಹಾಗಾಗುವುದಿಲ್ಲ. ಬಾಗಿಲು ಹಾಕಿದ ಮೇಲೂ ಅಂಗಳದಲ್ಲಿ ಯಾರೋ ನಿಂತು, "ಅಕ್ಕಾ, ಪಿಂಚಣಿ ಬಂದೈತಾ ಒಂಚೂರು ನೋಡ್ತೀರಾ?" ಎಂದು ಕೇಳುತ್ತಾರೆ. ದೂರದ ಕೇರಿಯಿಂದ ಮಳೆಯಲ್ಲಿ ನಡೆದು ಬಂದ ಮುದುಕಿಗೆ ನಾಳೆ ಬನ್ನಿ ಎನ್ನಲು ಬಾಯಿ ಬರುವುದಿಲ್ಲ. ತಿಂಗಳಿನಲ್ಲಿ ಎರಡು ಸಲ ಈ ಒತ್ತಡ ಹೆಚ್ಚುತ್ತದೆ. ತಿಂಗಳ ಮೊದಲ ಹದಿನೈದು ದಿನಗಳಲ್ಲಿ ತೆರೆದ ಆರ್‌ಡಿ ಖಾತೆಗೆ ಪ್ರತಿ ತಿಂಗಳು 15ರೊಳಗೆ ಹಣ ಕಟ್ಟಬೇಕು, ಆಮೇಲೆ ತೆರೆದದ್ದಕ್ಕೆ ತಿಂಗಳ ಕೊನೆಯ ಕೆಲಸದ ದಿನದೊಳಗೆ ಕಟ್ಟಬೇಕು. ಹಾಗಾಗಿ ಆ ಎರಡು ಗಡುವುಗಳ ಹಿಂದುಮುಂದಿನ ದಿನಗಳಲ್ಲಿ ಜಗಲಿ ಖಾಲಿಯಾಗುವುದೇ ಇಲ್ಲ. ಸುಕನ್ಯಾ ಸಮೃದ್ಧಿ, ಗ್ರಾಮೀಣ ಅಂಚೆ ಜೀವ ವಿಮೆ, ಆಧಾರ್ ಬೆರಳಚ್ಚಿನ ಮೂಲಕ ಹಣ ಕೊಡುವುದು, ಇವೆಲ್ಲ ಇಂದಿನ ಶಾಖಾ ಕಚೇರಿಯ ನಿತ್ಯದ ಕೆಲಸಗಳು. ಕಾಗದ ಹಂಚುವುದು ಇವುಗಳ ನಡುವೆ ಒಂದು ಸಣ್ಣ ಭಾಗ ಮಾತ್ರ; ಅದನ್ನು ಮಾಡಲು ಅವರೊಂದಿಗೆ ಇನ್ನೊಬ್ಬ ಡಾಕ್ ಸೇವಕರಿದ್ದಾರೆ.

ಬರವಣಿಗೆಗೂ ಈ ಕೆಲಸಕ್ಕೂ ಕಾನೂನಿನ ಅಡ್ಡಿಯೇನೂ ಇರಲಿಲ್ಲ. ಕೇಂದ್ರ ನಾಗರಿಕ ಸೇವೆಯ 1964ರ ನಡತೆ ನಿಯಮಗಳೇ ಆಗೊಮ್ಮೆ ಈಗೊಮ್ಮೆ ಮಾಡುವ ಸಾಹಿತ್ಯಕ ಕೆಲಸಕ್ಕೆ ಪೂರ್ವಾನುಮತಿ ಬೇಕಿಲ್ಲವೆನ್ನುತ್ತವೆ, ಡಾಕ್ ಸೇವಕರಿಗಂತೂ 2020ರ ಪ್ರತ್ಯೇಕ ನಿಯಮಾವಳಿ ಇದೆ. ಆದರೂ ಅವರು ತಾವು ಕತೆ ಬರೆಯುವುದನ್ನು ಮೇಲಧಿಕಾರಿಗೆ ಬರಹದಲ್ಲಿ ತಿಳಿಸಿ, ಪ್ರತಿಯೊಂದನ್ನು ಇಟ್ಟುಕೊಂಡರು. ಇದು ಒಳ್ಳೆಯ ಅಭ್ಯಾಸವೆಂದು ನಾನು ಭಾವಿಸುತ್ತೇನೆ. ಧಾರಾವಾಹಿ ನಾಲ್ಕು ಜನರ ಬಾಯಲ್ಲಿ ಓಡಾಡತೊಡಗಿದಾಗ ಅದರ ಸುದ್ದಿ ಮೇಲಧಿಕಾರಿಗೆ ಬೇರೆಯವರಿಂದ ಮುಟ್ಟುವುದು ಯಾರಿಗೂ ಹಿತವಲ್ಲ. ಇಲ್ಲಿ ಮುಖ್ಯವಾಗುವ ನಿಯಮ ಇನ್ನೊಂದು: ಉಳಿತಾಯ ಖಾತೆಯ ವಿವರವನ್ನು ಖಾತೆದಾರರಿಗಲ್ಲದೆ ಬೇರೆ ಯಾರಿಗೂ ಕೊಡುವಂತಿಲ್ಲ. ಊರಿನಲ್ಲಿ ಯಾರು ಎಷ್ಟು ಕೂಡಿಟ್ಟಿದ್ದಾರೆ, ಯಾರ ಹಣ ಯಾರಿಗೆ ತಿಳಿಯದಂತೆ ಬೆಳೆಯುತ್ತಿದೆ ಎಂಬುದೆಲ್ಲ ಪೋಸ್ಟ್‌ಮಾಸ್ಟರ್‌ಗೆ ಗೊತ್ತಿರುತ್ತದೆ. ಕತೆಗಾರ್ತಿಗೆ ಇದಕ್ಕಿಂತ ದೊಡ್ಡ ಭಂಡಾರವಿಲ್ಲ, ಇದಕ್ಕಿಂತ ದೊಡ್ಡ ಅಪಾಯವೂ ಇಲ್ಲ.

ದಿನದ ಹಂಚಿಕೆ

ಮಲೆನಾಡಿನಲ್ಲಿ ನೌಕರಿ ಮಾಡುತ್ತ ಬರೆಯುವುದು ಹೊಸ ಸಂಗತಿಯಲ್ಲ. ಸಾಗರದ ನಾ. ಡಿಸೋಜ ಅವರು ಲೋಕೋಪಯೋಗಿ ಇಲಾಖೆಯಲ್ಲಿ ದುಡಿಯುತ್ತಲೇ ಶರಾವತಿ ಮುಳುಗಡೆಯ ಜನರ ಬದುಕನ್ನು ಕಾದಂಬರಿಗೆ ತಂದರು. 2014ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರೂ ಆದರು. ನಮ್ಮ ಲೇಖಕಿಗೆ ಅವರ ಉದಾಹರಣೆ ಚಿಕ್ಕಂದಿನಿಂದ ಕಣ್ಣ ಮುಂದಿತ್ತು. ಅಜ್ಜಿಯ ಮನೆಯಲ್ಲಿ ವಾರಪತ್ರಿಕೆಗಳ ಧಾರಾವಾಹಿ ಪುಟಗಳನ್ನು ಕತ್ತರಿಸಿ ದಾರದಲ್ಲಿ ಹೊಲಿದು ಇಡುತ್ತಿದ್ದರಂತೆ; ಕಂತಿನಲ್ಲಿ ಕತೆ ಹೇಳುವ ರುಚಿ ಅವರಿಗೆ ಹತ್ತಿದ್ದು ಅಲ್ಲಿಂದ. ಆದರೆ ಕಾದಂಬರಿಗೂ ಧಾರಾವಾಹಿಗೂ ಒಂದು ವ್ಯತ್ಯಾಸವಿದೆ. ಕಾದಂಬರಿ ಬರೆಯುವವರು ಒಂದು ತಿಂಗಳು ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಧಾರಾವಾಹಿಗೆ ತಾರೀಕು ಇರುತ್ತದೆ.

ಅವರ ದಿನ ಬೆಳಗಿನ 5ಕ್ಕೆ ಆರಂಭ. ಒಲೆ ಹೊತ್ತಿಸುವ ಮುಂಚಿನ ಒಂದು ಗಂಟೆ ಬರವಣಿಗೆಗೆ ಮೀಸಲು. ಆರು ಕಳೆದರೆ ಕೊಟ್ಟಿಗೆ, ತಿಂಡಿ, ಹತ್ತನೆಯ ತರಗತಿಯ ಮಗಳನ್ನು ಬಸ್ಸಿಗೆ ಹೊರಡಿಸುವ ಗಡಿಬಿಡಿ. ಹತ್ತು ಗಂಟೆಯ ಸುಮಾರಿಗೆ ಬಸ್ಸಿನಲ್ಲಿ ಟಪಾಲಿನ ಬ್ಯಾಗು ಬರುತ್ತದೆ. ಅದನ್ನು ತೆರೆದು, ಹಂಚಲು ಕೊಟ್ಟು, ಜನರ ವ್ಯವಹಾರ ಮುಗಿಸಿ, ದಿನದ ಲೆಕ್ಕ ಹೊಂದಿಸಿ, ಮಧ್ಯಾಹ್ನದ ಬಸ್ಸಿಗೆ ಬ್ಯಾಗು ಮುಟ್ಟಿಸಬೇಕು. ಆ ದಿನದ ನಗದು ಆ ದಿನವೇ ಲೆಕ್ಕಕ್ಕೆ ಸರಿಹೊಂದದೆ ಅವರು ಊಟಕ್ಕೆ ಏಳುವುದಿಲ್ಲ. ಮಧ್ಯಾಹ್ನದ ಮೇಲೆ ತೋಟದ ಕೆಲಸ, ಸಂಜೆ ಅತ್ತೆಯವರ ಔಷಧಿ, ಅಡುಗೆ. ರಾತ್ರಿ ಅವರು ಬರೆಯುವುದಿಲ್ಲ. ಒಮ್ಮೆ ಹಾಗೆ ಬರೆಯುವ ರೂಢಿಯಾದರೆ ಮನೆಯವರ ಜೊತೆ ಕೂರುವ ಏಕೈಕ ಹೊತ್ತು ಹೋಗುತ್ತದೆ ಎಂಬ ಎಚ್ಚರ ಅವರಿಗೆ ಮೊದಲಿನಿಂದಲೂ ಇತ್ತು.

ಒಂದು ಕಂತು ಎಂದರೆ ಸುಮಾರು 1,200 ಪದ. ಬೆಳಗಿನ ಒಂದು ಗಂಟೆಯಲ್ಲಿ ಅವರು ಮುನ್ನೂರು, ಚೆನ್ನಾಗಿ ಸಾಗಿದ ದಿನ ನಾನೂರು ಪದ ಬರೆಯಬಲ್ಲರು. ವಾರಕ್ಕೆ ಎರಡು ಕಂತಿಗೆ ಇದು ಹೊರನೋಟಕ್ಕೆ ಸಾಲುತ್ತದೆ. ಆದರೆ ಅವರ ನೋಟುಪುಸ್ತಕಗಳನ್ನು ತಿರುವಿ ನೋಡಿದಾಗ ನನಗೆ ಕಂಡದ್ದು ಬೇರೆ. ಸರಾಗವಾಗಿ ಬರೆದ ಪುಟಗಳ ನಡುವೆ ಎರಡು ಮೂರು ದಿನಗಳಿಗೊಮ್ಮೆ ಬರೀ ಗೀಚಿ ಹೊಡೆದುಹಾಕಿದ ಪುಟಗಳಿದ್ದವು. ಅಲ್ಲೆಲ್ಲ ಅವರು ಬರೆಯಲು ಕುಳಿತಿದ್ದರು, ಮುಂದೆ ಏನಾಗಬೇಕೆಂಬುದು ಮಾತ್ರ ತೀರ್ಮಾನವಾಗಿರಲಿಲ್ಲ. ಧಾರಾವಾಹಿಯಲ್ಲಿ ಹೊತ್ತು ತಿನ್ನುವುದು ಈ ತೀರ್ಮಾನವೇ. ಸೊಸೆ ತವರಿಗೆ ಹೋಗುತ್ತಾಳೋ ಇಲ್ಲವೋ ಎಂಬುದು ಇತ್ಯರ್ಥವಾದ ಬೆಳಗ್ಗೆ ನಾನೂರು ಪದ ಬರುತ್ತದೆ, ಇತ್ಯರ್ಥವಾಗದ ಬೆಳಗ್ಗೆ ನಲವತ್ತೂ ಬರುವುದಿಲ್ಲ. ತೀರ್ಮಾನಗಳು ಮೂಡಿದ್ದು ಬ್ಯಾಗು ಹಿಡಿದು ಬಸ್ ನಿಲ್ದಾಣಕ್ಕೆ ನಡೆಯುವಾಗ, ಅಡಿಕೆ ಸುಲಿಯುವಾಗ, ಸೊಪ್ಪು ಹೆಚ್ಚುವಾಗ. ಕೈಗೆ ಕೆಲಸವಿದ್ದು ಮನಸ್ಸಿಗೆ ಬಿಡುವಿರುವ ಹೊತ್ತುಗಳು ಅವರ ದಿನದಲ್ಲಿ ಸಾಕಷ್ಟಿದ್ದವು. ಅವನ್ನು ಬರವಣಿಗೆಯ ಹೊತ್ತೆಂದು ಅವರು ಎಣಿಸಿರಲಿಲ್ಲ, ಆಗ ಹೊಳೆದದ್ದನ್ನು ಎಲ್ಲಿಯೂ ಗುರುತು ಹಾಕಿಕೊಳ್ಳುತ್ತಿರಲಿಲ್ಲ.

ದಾಸ್ತಾನು ಕರಗಿದ ರೀತಿ

ಯುಗಾದಿಗೆ ಧಾರಾವಾಹಿ ಆರಂಭಿಸಿದಾಗ ಅವರ ಕೈಯಲ್ಲಿ 14 ಕಂತುಗಳು ಸಿದ್ಧವಾಗಿದ್ದವು. ಏಳು ವಾರಕ್ಕೆ ಸಾಲುವಷ್ಟು ಎಂದು ಧೈರ್ಯವಿತ್ತು. ಆರಂಭದ ವಾರಗಳಲ್ಲಿ ಓದುಗರು ಹೆಚ್ಚಿದರು, ಪ್ರತಿ ಕಂತಿನ ಕೆಳಗೂ "ಮುಂದಿನ ಭಾಗ ಯಾವಾಗ ಮೇಡಂ?" ಎಂಬ ಪ್ರಶ್ನೆ ಬರತೊಡಗಿತು. ಈ ಪ್ರಶ್ನೆ ಬರೆಯುವವರಿಗೆ ಕೊಡುವ ಹುರುಪನ್ನು ಕಡೆಗಣಿಸಬಾರದು. ಊರಲ್ಲಿ ಎಲ್ಲರ ಪಾಸ್‌ಬುಕ್ ತುಂಬಿಕೊಡುವ ಹೆಂಗಸಿಗೆ ಬೀದರ್‌ನಿಂದಲೂ ದುಬೈನಿಂದಲೂ ಒಬ್ಬೊಬ್ಬರು ಕಾಯುತ್ತಿದ್ದೇವೆ ಎಂದು ಬರೆದರೆ ಆ ಸಂತೋಷ ಸಣ್ಣದಲ್ಲ.

ಆದರೆ ಏಪ್ರಿಲ್‌ನಲ್ಲಿ ಮದುವೆಗಳು, ಮೇ ತಿಂಗಳಲ್ಲಿ ತೋಟಕ್ಕೆ ಔಷಧಿ ಹೊಡೆಸುವ ಓಡಾಟ. ಕೊಳೆರೋಗ ತಡೆಯಲು ಮುಂಗಾರು ಹಿಡಿಯುವ ಮೊದಲೇ ಅಡಿಕೆ ಗೊನೆಗಳಿಗೆ ಬೋರ್ಡೋ ದ್ರಾವಣ ಸಿಂಪಡಿಸಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮರ ಹತ್ತುವವರು ಸಿಕ್ಕ ದಿನವೇ ಕೆಲಸ ಆಗಬೇಕು, ಅವರಿಗೆ ಅಡುಗೆಯೂ ಆಗಬೇಕು. ಆ ಅವಧಿಯಲ್ಲಿ ವಾರಕ್ಕೆ ಎರಡು ಕಂತು ಖರ್ಚಾಗುತ್ತಿತ್ತು, ಸರಾಸರಿ ಒಂದು ಕಂತು ಮಾತ್ರ ಜಮೆಯಾಗುತ್ತಿತ್ತು. ಹದಿನಾಲ್ಕು ಕಂತಿನ ದಾಸ್ತಾನು ಹದಿನಾಲ್ಕು ವಾರದಲ್ಲಿ ಮುಗಿಯಬೇಕಾದದ್ದು ಸರಳ ಲೆಕ್ಕ. ಯುಗಾದಿಯಿಂದ ಎಣಿಸಿದರೆ ಅದು ಜುಲೈ ಮೊದಲ ವಾರ, ಪುನರ್ವಸು ಮಳೆ ಹಿಡಿಯುವ ಹೊತ್ತು. ಪ್ರತಿ ದಿನ ಪೈಸೆ ಬಿಡದೆ ನಗದು ಲೆಕ್ಕ ಹಾಕುವ ಅವರು ಈ ಲೆಕ್ಕವನ್ನು ಒಮ್ಮೆಯೂ ಕಾಗದದ ಮೇಲೆ ಹಾಕಿ ನೋಡಿರಲಿಲ್ಲ.

ಆ ವರ್ಷದ ಮಳೆಗಾಲಕ್ಕೆ ಕಚೇರಿಯ ಕಡೆಯಿಂದಲೂ ಹೊಸ ಕಲಿಕೆ ಸೇರಿಕೊಂಡಿತು. 2025ರ ಆಗಸ್ಟ್ ಮೊದಲ ವಾರದ ಹೊತ್ತಿಗೆ ದೇಶದ ಅಂಚೆ ಕಚೇರಿಗಳೆಲ್ಲ ಹೊಸ ತಂತ್ರಾಂಶಕ್ಕೆ ಬದಲಾದವು, ಅದೇ ವರ್ಷ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟ್‌ನೊಳಗೆ ವಿಲೀನವಾಯಿತು. ತರಬೇತಿಗೆ ಹೋಗಿಬರುವುದು, ಹೊಸ ಕ್ರಮವನ್ನು ಜನರಿಗೆ ವಿವರಿಸುವುದು, ಇದಕ್ಕೆಲ್ಲ ಹೊತ್ತು ಹೋಯಿತು. ಇತ್ತ ಗಾಳಿಗೆ ಮರ ಬಿದ್ದು ತಂತಿ ಹರಿದರೆ ಕರೆಂಟು ದಿನಗಟ್ಟಲೆ ಇಲ್ಲ. ಕರೆಂಟು ಹೋದ ಕೆಲವು ಗಂಟೆಗಳಲ್ಲಿ ಟವರ್ ಕೂಡ ಸುಮ್ಮನಾಗುತ್ತದೆ. ಸಿದ್ಧವಾದ ಕಂತನ್ನು ಆ್ಯಪ್‌ಗೆ ಏರಿಸಲು ಅವರು ಮನೆಯ ಹಿಂದಿನ ಗುಡ್ಡ ಹತ್ತಿ, ಕೊಡೆ ಹಿಡಿದು ನಿಲ್ಲುತ್ತಿದ್ದರು. ಧ್ವನಿಯಿಂದ ಟೈಪ್ ಮಾಡುವ ಸೌಲಭ್ಯವನ್ನು ಬಳಸಿ ನೋಡಿದ್ದೂ ಉಂಟು, ಆದರೆ ಮಳೆಯ ಸದ್ದಿನಲ್ಲಿ ಅದು ಸಂಭಾಷಣೆಯನ್ನೆಲ್ಲ ಕಲಸಿಹಾಕುತ್ತಿತ್ತು.

ಜುಲೈನಲ್ಲಿ ದಾಸ್ತಾನು ಮುಗಿದ ಮೇಲೆ ಅವರು ಸೋಮವಾರದ ಕಂತನ್ನು ಭಾನುವಾರ ರಾತ್ರಿ, ಗುರುವಾರದ ಕಂತನ್ನು ಬುಧವಾರ ರಾತ್ರಿ ಬರೆಯತೊಡಗಿದರು. ರಾತ್ರಿ ಬರೆಯಬಾರದೆಂಬ ಕಟ್ಟುಪಾಡು ಮೊದಲು ಮುರಿಯಿತು. ಕರಡನ್ನು ನನಗೆ ಕಳಿಸುವುದು ಆಮೇಲೆ ನಿಂತಿತು.

ಮೆಣಸು ಮಾರಿದ ಹಣ

ಆ ಧಾರಾವಾಹಿಯ ನಾಯಕಿ ಅಡಿಕೆ ಬೆಳೆಯುವ ಒಂದು ಕೂಡುಕುಟುಂಬದ ಸೊಸೆ. ಒಂದು ಬುಧವಾರ ರಾತ್ರಿ, ಕತೆಯನ್ನು ಮುಂದೆ ದೂಡಲು ಏನೂ ಹೊಳೆಯದೆ, ಲೇಖಕಿ ಅವಳಿಗೊಂದು ಗುಟ್ಟಿನ ಆರ್‌ಡಿ ಖಾತೆಯನ್ನು ಕೊಟ್ಟರು. ಬಳ್ಳಿಯ ಬುಡದಲ್ಲಿ ಉದುರಿದ ಕಾಳುಮೆಣಸನ್ನು ಆರಿಸಿ ಒಣಗಿಸಿ ಮಾರಿದ ದುಡ್ಡನ್ನು ಅವಳು ಸಂತೆಯ ದಿನ ಪೋಸ್ಟಾಫೀಸಿಗೆ ಕಟ್ಟುತ್ತಾಳೆ. ಪಾಸ್‌ಬುಕ್ಕನ್ನು ಅಕ್ಕಿಯ ಡಬ್ಬಿಯಲ್ಲಿ ಹುದುಗಿಸಿ ಇಟ್ಟಿರುತ್ತಾಳೆ. ಗಂಡನ ಕೈಗೆ ಅದು ಸಿಗುವಲ್ಲಿಗೆ ಕಂತು ಮುಗಿಯುತ್ತದೆ. ಕಂತಾಗಿ ಅದು ಬಹಳ ಚೆನ್ನಾಗಿತ್ತು. ಅಲ್ಲಿಯವರೆಗಿನ ಕಂತುಗಳಲ್ಲಿ ಅತಿ ಹೆಚ್ಚು ಜನ ಓದಿದ್ದು ಅದನ್ನೇ.

ಮುಂದಿನ ವಾರ ಒಬ್ಬ ಖಾತೆದಾರರು ಜನವಿಲ್ಲದ ಹೊತ್ತು ನೋಡಿ ಜಗಲಿಗೆ ಬಂದರು. ಅವರ ಭಾವನ ಮಗಳು ಆ ಕಂತನ್ನು ಓದಿ, ಮನೆಯಲ್ಲಿ ಎಲ್ಲರೆದುರು, "ಥೇಟ್ ನಮ್ಮ ಚಿಕ್ಕಮ್ಮನ ಹಂಗೇ ಐತೆ" ಎಂದು ನಕ್ಕಿದ್ದಳು. ಹುಡುಗಿಗೆ ಖಾತೆಯ ವಿಷಯ ತಿಳಿದಿರಲಿಲ್ಲ. ಮೆಣಸು ಆರಿಸುವುದು, ಸಂತೆಯ ದಿನ ಹೊರಡುವುದು, ಇಷ್ಟು ಹೋಲಿಕೆ ಕಂಡು ಆಡಿದ ಮಾತು ಅದು. "ಅಕ್ಕಾ, ಅದು ನಾನಾ?" ಎಂದಷ್ಟೇ ಆ ಹೆಂಗಸು ಕೇಳಿದರು. ಆಮೇಲೆ ಖಾತೆಯನ್ನು ಮುಚ್ಚಿ ಹಣ ತೆಗೆದುಕೊಡಲು ಆಗುತ್ತದೆಯೇ ಎಂದರು. ಅಂಚೆ ಆರ್‌ಡಿಯನ್ನು ಮೂರು ವರ್ಷ ತುಂಬುವ ಮುಂಚೆ ಮುಚ್ಚಲು ಬರುವುದಿಲ್ಲ, ಆ ಖಾತೆಗೆ ಎರಡು ವರ್ಷ ಕಳೆದಿತ್ತು ಅಷ್ಟೆ. (ಮೆಣಸಿನ ವಿವರ ಮೂಲದಲ್ಲಿ ಬೇರೆಯೇ ಆಗಿತ್ತೆಂಬುದನ್ನು ಇಲ್ಲಿ ಮತ್ತೊಮ್ಮೆ ಹೇಳಬೇಕು; ಅದನ್ನು ಹಾಗೆಯೇ ಬರೆದರೆ ನಾನೂ ಅದೇ ಕೆಲಸ ಮಾಡಿದಂತಾಗುತ್ತದೆ.)

ಲೇಖಕಿ ನನಗೆ ಹೇಳಿದ ಪ್ರಕಾರ, ಆ ಕಂತು ಬರೆಯುವಾಗ ಈ ಹೆಂಗಸಿನ ನೆನಪು ಅವರಿಗೆ ಒಂದು ಸಲವೂ ಬರಲಿಲ್ಲ. ನಾನು ಅದನ್ನು ನಂಬುತ್ತೇನೆ. ಗುಟ್ಟಾಗಿ ಹಣ ಕೂಡಿಡುವ ಹೆಂಗಸರು ಪ್ರತಿ ಊರಿನಲ್ಲೂ ಇದ್ದಾರೆ, ಹಾಗಾಗಿ ಸನ್ನಿವೇಶವನ್ನು ಯಾರದೆಂದೂ ಹೇಳಲಾಗದು. ಆದರೆ ಸಂತೆಯ ದಿನ, ಹಣದ ಮೂಲ, ನೋಟುಗಳನ್ನು ಮಡಚಿ ತರುವ ರೀತಿ, ಈ ಮೂರೂ ಒಟ್ಟಿಗೆ ಬಂದಾಗ ಅದು ಒಬ್ಬರದೇ ಆಗುತ್ತದೆ. ದಣಿದ ಮನಸ್ಸು ಆವಿಷ್ಕಾರ ಮಾಡುವುದಿಲ್ಲ, ಹತ್ತಿರದಲ್ಲಿ ಸಿಕ್ಕಿದ್ದನ್ನು ಎತ್ತಿಕೊಳ್ಳುತ್ತದೆ. ಕೌಂಟರಿನ ಹಿಂದೆ ಕೂತವರಿಗೆ ಹತ್ತಿರದಲ್ಲಿ ಇರುವುದು ಕೌಂಟರಿನ ಮುಂದೆ ನಿಂತವರ ಬದುಕೇ.

ಇಲಾಖೆಯ ನಿಯಮ ಮುರಿದಿತ್ತೇ ಎಂದು ಕೇಳಿದರೆ ಅಕ್ಷರಶಃ ಇಲ್ಲ ಎನ್ನಬೇಕು. ಯಾರ ಹೆಸರೂ ಇರಲಿಲ್ಲ, ಯಾರ ಮೊತ್ತವೂ ಇರಲಿಲ್ಲ. ಆದರೆ ಆ ಹೆಂಗಸು ಜಗಲಿಯ ಮೇಲೆ ಒಂದು ವಿಶ್ವಾಸವನ್ನಿಟ್ಟು ಹೋಗಿದ್ದರು, ಅದು ಅಲ್ಲಾಡಿತ್ತು. ಲೇಖಕಿ ಅಂದು ಸಂಜೆಯೇ ಗುಡ್ಡ ಹತ್ತಿ ಆ ಕಂತನ್ನು ಆ್ಯಪ್‌ನಿಂದ ತೆಗೆದರು, ಧಾರಾವಾಹಿಗೆ ಕೆಲವು ವಾರಗಳ ಬಿಡುವು ಎಂದು ಎರಡು ಸಾಲಿನ ಸೂಚನೆ ಹಾಕಿದರು. ಕಾರಣ ಬರೆಯಲಿಲ್ಲ, ಬರೆದಿದ್ದರೆ ಹೋಲಿಕೆಗೆ ತಾವೇ ಸಾಕ್ಷಿ ಹೇಳಿದಂತಾಗುತ್ತಿತ್ತು. ಆ ಹೆಂಗಸಿಗೆ ಮಾತ್ರ, ನಿಮ್ಮ ಖಾತೆಯ ವಿಷಯ ನನ್ನ ಬಾಯಿಂದ ಹೊರಗೆ ಹೋಗಿಲ್ಲ, ಹೋಗುವುದೂ ಇಲ್ಲ, ಆದರೆ ಹಾಗೆ ಬರೆಯಬಾರದಿತ್ತು ಎಂದು ನೇರವಾಗಿ ಹೇಳಿದರು. ಅವರು ಈಗಲೂ ಕಟ್ಟುತ್ತಿದ್ದಾರೆ. ಸಂತೆಯ ದಿನ ಬಿಟ್ಟು ಬೇರೆ ದಿನ ಬರುತ್ತಾರೆ.

ಅಂತರದ ಪ್ರಯೋಜನ

ಮುಂಗಡವಾಗಿ ಕಂತು ಬರೆದಿಟ್ಟುಕೊಳ್ಳಬೇಕೆಂಬುದು ಧಾರಾವಾಹಿ ಬರೆಯುವವರಿಗೆಲ್ಲ ಗೊತ್ತಿರುವ ಮಾತು. ಮಲೆನಾಡಿನವರು ಮಳೆಗಾಲಕ್ಕೆ ಸೌದೆ ಕೂಡಿಡುವ ಹಾಗೆ, ಕಾಯಿಲೆ ಬಂದರೆ, ನೆಂಟರು ಬಂದರೆ, ಕರೆಂಟು ಹೋದರೆ ಇರಲಿ ಎಂಬ ಉದ್ದೇಶದಿಂದ ಅದನ್ನು ಮಾಡುತ್ತಾರೆ. ಈ ಪ್ರಕರಣದಲ್ಲಿ ನನಗೆ ಕಂಡದ್ದು ಮುಂಗಡ ಕಂತಿನ ಬೇರೊಂದು ಉಪಯೋಗ. ಬರೆದದ್ದು ಒಂದು ತಿಂಗಳು ಪೆಟ್ಟಿಗೆಯಲ್ಲಿ ಇದ್ದರೆ, ಬರೆದವರು ಅದನ್ನು ಓದುಗರಾಗಿ ನೋಡಲು ಸಾಧ್ಯವಾಗುತ್ತದೆ. ಆ ಬುಧವಾರದ ಕಂತು ನಾಲ್ಕು ವಾರ ಮನೆಯಲ್ಲೇ ಇದ್ದಿದ್ದರೆ, ಅಷ್ಟರಲ್ಲಿ ಆ ಹೆಂಗಸು ಒಮ್ಮೆಯಾದರೂ ಹಣ ಕಟ್ಟಲು ಜಗಲಿಗೆ ಬರುತ್ತಿದ್ದರು, ಲೇಖಕಿಗೆ ತಾವು ಬರೆದದ್ದು ಯಾರನ್ನು ಎಂಬುದು ಅವರ ಮುಖ ಕಂಡೊಡನೆ ಹೊಳೆಯುತ್ತಿತ್ತು. ಸಣ್ಣ ಊರಿನಲ್ಲಿ, ಅದರಲ್ಲೂ ಜನರ ಗುಟ್ಟು ಕಾಯುವ ಕೆಲಸದಲ್ಲಿ ಇದ್ದು ಬರೆಯುವವರಿಗೆ ಈ ಅಂತರ ಅನುಕೂಲವಷ್ಟೇ ಅಲ್ಲ, ಕರ್ತವ್ಯ ಎಂಬುದು ನನ್ನ ಖಚಿತ ಅಭಿಪ್ರಾಯ. ಶಾಲೆಯ ಶಿಕ್ಷಕರಿಗೆ, ಆಶಾ ಕಾರ್ಯಕರ್ತೆಯರಿಗೆ, ಸೊಸೈಟಿಯ ಕಾರ್ಯದರ್ಶಿಗಳಿಗೆ ಕೂಡ ಇದು ಅನ್ವಯಿಸುತ್ತದೆ.

ಅಂಚೆ ಇಲಾಖೆಯಲ್ಲಿದ್ದುಕೊಂಡೇ ಕಾದಂಬರಿ ಬರೆದವರಲ್ಲಿ ಇಂಗ್ಲೆಂಡಿನ ಆಂಟನಿ ಟ್ರಾಲಪ್ ಪ್ರಸಿದ್ಧರು. ಅವರು 1834ರಿಂದ 1867ರವರೆಗೆ ಅಲ್ಲಿನ ಅಂಚೆ ಇಲಾಖೆಯಲ್ಲಿದ್ದರು. ಬೆಳಗಿನ ಐದೂವರೆಗೆ ಮೇಜಿಗೆ ಕೂತು, ಎದುರಿಗೆ ಗಡಿಯಾರವಿಟ್ಟು, ಕಾಲು ಗಂಟೆಗೆ 250 ಪದದಂತೆ ಬರೆಯುತ್ತಿದ್ದ ಅವರ ಶಿಸ್ತನ್ನೇ ಎಲ್ಲರೂ ಎತ್ತಿ ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಅವರ ಇನ್ನೊಂದು ಕಟ್ಟುಪಾಡು: ಕತೆಯನ್ನು ಪೂರ್ತಿ ಬರೆದು ಮುಗಿಸದೆ ಅದರ ಮೊದಲ ಕಂತನ್ನು ಅಚ್ಚಿಗೆ ಕೊಡಬಾರದು. 1860ರಲ್ಲಿ ಹೊಸದಾಗಿ ಹುಟ್ಟಿದ ಮಾಸಪತ್ರಿಕೆಯೊಂದರ ಅವಸರಕ್ಕೆ ಅವರೂ ಇದನ್ನು ಸಡಿಲಿಸಬೇಕಾಯಿತು. ಗಡಿಯಾರದ ಶಿಸ್ತನ್ನು ನಮ್ಮ ಲೇಖಕಿ ಮೊದಲಿನಿಂದಲೂ ಪಾಲಿಸುತ್ತಿದ್ದರು, ಈ ಎರಡನೆಯದರ ಬಗ್ಗೆ ಯೋಚಿಸಿರಲಿಲ್ಲ.

ಮಳೆಯಲ್ಲಿ ಬರೆದು ಸುಗ್ಗಿಯಲ್ಲಿ ಪ್ರಕಟಿಸುವುದು

ಬಿಡುವಿನ ಅವಧಿಯಲ್ಲಿ ಅವರು ಮೊದಲು ಮಾಡಿದ್ದು ವರ್ಷದ ಕೆಲಸಗಳನ್ನು ಒಂದು ಹಾಳೆಯ ಮೇಲೆ ಬರೆದು ನೋಡಿದ್ದು. ಅದರಿಂದ ಒಂದು ಸಂಗತಿ ಸ್ಪಷ್ಟವಾಯಿತು. ಪುಷ್ಯ, ಆಶ್ಲೇಷ, ಮಘಾ ಮಳೆಗಳ ಕಾಲದಲ್ಲಿ ತೋಟದಲ್ಲಿ ಕೆಲಸ ಕಡಿಮೆ, ಜನರ ಕೈಯಲ್ಲಿ ದುಡ್ಡು ಕಡಿಮೆ, ಹಾಗಾಗಿ ಗಡುವಿನ ದಿನಗಳನ್ನು ಬಿಟ್ಟರೆ ಕಚೇರಿಯಲ್ಲೂ ಜನ ಕಡಿಮೆ. ಇಲ್ಲದಿರುವುದು ಕರೆಂಟು ಮತ್ತು ನೆಟ್‌ವರ್ಕ್ ಮಾತ್ರ, ಕೈಯಲ್ಲಿ ಬರೆಯಲು ಅವೆರಡೂ ಬೇಡ. ಅಕ್ಟೋಬರ್‌ನಿಂದ ಕೊಯ್ಲು ಶುರುವಾದರೆ ಸುಲಿತ, ಬೇಯಿಸುವುದು, ಒಣಗಿಸುವುದು ಎಂದು ಕೂರಲು ಪುರುಸೊತ್ತಿರುವುದಿಲ್ಲ, ಆದರೆ ಕರೆಂಟು ನೆಟ್ಟಗಿರುತ್ತದೆ, ಸಿದ್ಧವಾದದ್ದನ್ನು ಏರಿಸಲು ಐದು ನಿಮಿಷ ಸಾಕು. ಅವರು ಯುಗಾದಿಗೆ ಆರಂಭಿಸಿದ್ದು ಹೊಸದನ್ನು ಯುಗಾದಿಗೆ ಆರಂಭಿಸುವುದು ನಮ್ಮಲ್ಲಿ ವಾಡಿಕೆ ಎಂಬ ಕಾರಣಕ್ಕೆ. ಆ ಲೆಕ್ಕದಲ್ಲಿ ದಾಸ್ತಾನು ಖಾಲಿಯಾಗುವುದು ಸರಿಯಾಗಿ ಮಳೆಯ ನಡುವೆ ಬಂದು ಬಿದ್ದಿತ್ತು.

ಹೀಗಾಗಿ ಅವರು ಮಳೆಗಾಲವನ್ನು ಬರೆಯುವ ಕಾಲವನ್ನಾಗಿಯೂ, ಸುಗ್ಗಿಯಿಂದ ಬೇಸಗೆಯ ಆರಂಭದವರೆಗಿನ ತಿಂಗಳುಗಳನ್ನು ಪ್ರಕಟಿಸುವ ಕಾಲವನ್ನಾಗಿಯೂ ಮಾಡಿಕೊಂಡರು. ಇದು ತೊಡಕಿಲ್ಲದ ಏರ್ಪಾಡೇನಲ್ಲ. ಮಳೆ ಎರಡು ದಿನ ಹೊಳವಾದರೆ ಎರಡನೆಯ ಸಲದ ಔಷಧಿ ಹೊಡೆಯಲು ಮರ ಹತ್ತುವವರು ಹೇಳದೆ ಕೇಳದೆ ಬಂದು ನಿಲ್ಲುತ್ತಾರೆ. ಥಂಡಿಗೆ ಕಾಗದ ಮೆತ್ತಗಾಗಿ ಶಾಯಿ ಹರಡುತ್ತದೆ. ಅದಕ್ಕೆ ಬಾಲ್‌ಪೆನ್ನು ಹಿಡಿದರು, ಪುಸ್ತಕಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ತಗಡಿನ ಪೆಟ್ಟಿಗೆಯೊಳಗೆ ಇಟ್ಟರು. ಸೆಪ್ಟೆಂಬರ್ ಮುಗಿಯುವಾಗ ಧಾರಾವಾಹಿಯನ್ನು ಕೊನೆಗಾಣಿಸಲು ಬೇಕಾದ ಕಂತುಗಳಲ್ಲಿ ಬಹುಭಾಗ ಕೈಬರಹದಲ್ಲಿ ಸಿದ್ಧವಿತ್ತು.

ಜೊತೆಗೆ ಒಂದು ಸಣ್ಣ ಪುಸ್ತಕವನ್ನು ಬ್ಯಾಗಿನ ಜೊತೆ ಒಯ್ಯತೊಡಗಿದರು. ಅದರಲ್ಲಿ ಬರೆಯುವುದು ತೀರ್ಮಾನಗಳನ್ನು ಮಾತ್ರ, ಅದೂ ಒಂದೊಂದೇ ಸಾಲು: ಮಾವ ಒಪ್ಪುವುದಿಲ್ಲ, ಪತ್ರ ತಡವಾಗಿ ಸಿಗಬೇಕು, ತಂಗಿ ಸುಳ್ಳು ಹೇಳಿದ್ದಾಳೆ. ಬೆಳಗ್ಗೆ ಕೂರುವ ಹೊತ್ತಿಗೆ ಹಿಂದಿನ ದಿನದ ಒಂದಾದರೂ ಸಾಲು ಅಲ್ಲಿರಬೇಕು, ಇಲ್ಲದಿದ್ದರೆ ಆ ಬೆಳಗ್ಗೆ ಹೊಸದನ್ನು ಬರೆಯದೆ ಹಳೆಯದನ್ನು ತಿದ್ದುವುದು. ಹೊಡೆದುಹಾಕಿದ ಪುಟಗಳು ನೋಟುಪುಸ್ತಕದಲ್ಲಿ ಬಹಳ ಕಡಿಮೆಯಾದದ್ದನ್ನು ನಾನೇ ನೋಡಿದ್ದೇನೆ.

ವಾರಕ್ಕೆ ಎರಡರ ಬದಲು ಒಂದೇ ಕಂತು ಎಂದು ತೀರ್ಮಾನಿಸಿದ್ದರಿಂದ ಓದುಗರ ಸಂಖ್ಯೆ ಇಳಿಯಿತು, ಬಿಡುವಿನಲ್ಲಿ ಬಿಟ್ಟುಹೋದ ಕೆಲವರು ಮರಳಲಿಲ್ಲ. ಅದರ ನೋವು ಅವರಿಗಿದೆ, ಆ್ಯಪ್‌ನಿಂದ ಬರುವ ಹಣವೂ ತಗ್ಗಿತು. ತೆಗೆದುಹಾಕಿದ ಕಂತಿನ ಜಾಗಕ್ಕೆ ಹೊಸದನ್ನು ಬರೆದರು. ಅದರಲ್ಲಿ ಸೊಸೆಯ ಗುಟ್ಟು ಹಣದ್ದಲ್ಲ, ಅರ್ಧಕ್ಕೆ ಬಿಟ್ಟ ಪದವಿಯ ಪರೀಕ್ಷೆಯನ್ನು ಅವಳು ಕದ್ದು ಕಟ್ಟುತ್ತಾಳೆ. ನನ್ನ ಓದಿನಲ್ಲಿ ಇದು ಮೊದಲಿನದಕ್ಕಿಂತ ಆಳವಾದ ಕಂತು, ಏಕೆಂದರೆ ಇದನ್ನು ಅವರು ಕಲ್ಪಿಸಬೇಕಾಯಿತು. ಈಗ ಪ್ರತಿ ಕಂತೂ ಪ್ರಕಟಣೆಗೆ ಮುನ್ನ ಕನಿಷ್ಠ ಒಂದು ತಿಂಗಳು ಪೆಟ್ಟಿಗೆಯಲ್ಲಿರುತ್ತದೆ, ನನ್ನ ಕೈಗೂ ಬರುತ್ತದೆ. ಇದನ್ನು ಓದಿ ಊರಿನಲ್ಲಿ ಯಾರಾದರೂ ತಮ್ಮನ್ನು ಕಾಣಬಹುದೇ ಎಂಬ ಪ್ರಶ್ನೆಯನ್ನು ಪುಟದ ತಲೆಯ ಮೇಲೆಯೇ ಬರೆದಿರುತ್ತಾರೆ. ಹೌದೆನಿಸಿದರೆ ಸನ್ನಿವೇಶವನ್ನು ಕೈಬಿಡುವುದಿಲ್ಲ. ಹೋಲುವ ಮೂರು ವಿವರಗಳಲ್ಲಿ ಎರಡನ್ನು ಬದಲಿಸುತ್ತಾರೆ. ಹಣ, ಪಾಸ್‌ಬುಕ್, ಪಿಂಚಣಿಗಳಿಗೆ ಸಂಬಂಧಿಸಿದ್ದು ಮಾತ್ರ ಬದಲಿಸಿದರೂ ಬೇಡ ಎಂಬುದು ಅವರೇ ಹಾಕಿಕೊಂಡ ಮಿತಿ. ಆ ಮಿತಿ ಅತಿಯಾಯಿತೆಂದು ನಾನು ವಾದಿಸಿದ್ದುಂಟು, ಅವರು ಒಪ್ಪಿಲ್ಲ.

ಇತ್ತೀಚೆಗೆ ವಾರಪತ್ರಿಕೆಯೊಂದು ಮುಂದಿನ ಯುಗಾದಿಯಿಂದ ಧಾರಾವಾಹಿ ಕೊಡುವಿರಾ ಎಂದು ಅವರನ್ನು ಕೇಳಿತು. ಚಿಕ್ಕಂದಿನಲ್ಲಿ ಅಜ್ಜಿ ಕತ್ತರಿಸಿಡುತ್ತಿದ್ದಂಥ ಪುಟದಲ್ಲಿ ತಮ್ಮ ಹೆಸರು ಬರುವ ಅವಕಾಶ ಅದು, ಒಲ್ಲೆನೆನ್ನುವುದು ಸುಲಭವಿರಲಿಲ್ಲ. ಅವರು ಒಲ್ಲೆನೆನ್ನಲಿಲ್ಲ, ದೀಪಾವಳಿಯಿಂದಾದರೆ ಎಲ್ಲ ಕಂತುಗಳನ್ನೂ ಒಮ್ಮೆಲೇ ಕೊಡುತ್ತೇನೆ, ಯುಗಾದಿಯಿಂದ ಆಗುವುದಿಲ್ಲ ಎಂದು ಬರೆದಿದ್ದಾರೆ. ಪತ್ರಿಕೆ ಇನ್ನೂ ಉತ್ತರಿಸಿಲ್ಲ. ಉತ್ತರ ಏನೇ ಬಂದರೂ ಆ ಕತೆಯನ್ನು ಬರುವ ಮಳೆಗಾಲದಲ್ಲಿ ಬರೆಯುವುದೆಂದು ನಿಶ್ಚಯಿಸಿ, ಮಗಳ ಪರೀಕ್ಷೆ ಮುಗಿಯುವವರೆಗೆ ಸಣ್ಣ ಪುಸ್ತಕದಲ್ಲಿ ತೀರ್ಮಾನಗಳನ್ನಷ್ಟೇ ಬರೆದುಕೊಳ್ಳುತ್ತಿದ್ದಾರೆ.